ಆರೋಗ್ಯದ ಖರ್ಚಿನಲ್ಲಿ ಲೆಕ್ಕಕ್ಕೆ ಬಾರದ ದೂರ

ರಾಷ್ಟ್ರೀಯ ಆರೋಗ್ಯ ಲೆಕ್ಕಪತ್ರದ ಪ್ರಕಾರ 2021–22ರಲ್ಲಿ ದೇಶದ ಒಟ್ಟು ಆರೋಗ್ಯ ವೆಚ್ಚ ಸುಮಾರು 9.04 ಲಕ್ಷ ಕೋಟಿ ರೂಪಾಯಿ, ಅಂದರೆ ಜಿಡಿಪಿಯ ಶೇ. 3.83. ಈ ವೆಚ್ಚದಲ್ಲಿ ಸರ್ಕಾರಗಳ ಪಾಲು 2013–14ರಲ್ಲಿ ಶೇ. 28.6 ಇದ್ದದ್ದು ಶೇ. 48ಕ್ಕೆ ಏರಿದೆ, ಜನರು ಕೈಯಿಂದ ಹಾಕುವ ಪಾಲು ಶೇ. 64.2ರಿಂದ ಶೇ. 39.4ಕ್ಕೆ ಇಳಿದಿದೆ. ಅದು ಕೋವಿಡ್ ಲಸಿಕೆಯ ವರ್ಷವಾದ್ದರಿಂದ ಸರ್ಕಾರದ ಖರ್ಚು ಹೆಚ್ಚಿಗೆ ಕಾಣುತ್ತದೆ ಎಂಬುದು ನಿಜ. ಆದರೂ ಸಾಗುತ್ತಿರುವ ದಿಕ್ಕು ಒಳ್ಳೆಯದೇ. 2017ರ ರಾಷ್ಟ್ರೀಯ ಆರೋಗ್ಯ ನೀತಿ 2025ರ ಹೊತ್ತಿಗೆ ಸರ್ಕಾರಿ ವೆಚ್ಚ ಜಿಡಿಪಿಯ ಶೇ. 2.5 ಆಗಬೇಕೆಂದಿತ್ತು, 2021–22ರಲ್ಲಿ ಅದು ಶೇ. 1.84ರಷ್ಟಿತ್ತು.

ಶಿರಸಿ, ಸಿದ್ದಾಪುರದ ಕಡೆ ಸಮುದಾಯ ವೈದ್ಯನಾಗಿ ಕೆಲಸ ಮಾಡುವ ನನಗೆ ಈ ಅಂಕಿಗಳನ್ನು ಓದುವಾಗಲೆಲ್ಲ ಒಂದೇ ಪ್ರಶ್ನೆ ಕಾಡುತ್ತದೆ: ಸರ್ಕಾರದ ಖರ್ಚು ಇಷ್ಟು ಏರಿರುವಾಗ ನಮ್ಮ ಘಟ್ಟದ ಮೇಲಿನ ಮನೆಗಳ ಹೊರೆ ಏಕೆ ಹಗುರವಾಗಿಲ್ಲ? 2011ರ ಜನಗಣತಿಯಂತೆ ಉತ್ತರ ಕನ್ನಡದಲ್ಲಿ ಚದರ ಕಿಲೋಮೀಟರಿಗೆ 140 ಜನರಿದ್ದರೆ, ರಾಜ್ಯದ ಸರಾಸರಿ 319. ಇಲ್ಲಿ ಆರೋಗ್ಯ ಸೇವೆಯ ದೊಡ್ಡ ಖರ್ಚು ದೂರದ್ದೇ ಆಗಿದೆ. ನಮ್ಮ ಯೋಜನೆಗಳಾದರೋ ತಲೆಗಿಷ್ಟು, ಪ್ರಕರಣಕ್ಕಿಷ್ಟು ಎಂಬ ಲೆಕ್ಕದಲ್ಲಿ ನಡೆಯುತ್ತವೆ.

ಆಸ್ಪತ್ರೆಯ ಮಾತನ್ನು ಮೊದಲು ಮುಗಿಸುತ್ತೇನೆ. ಕಾರವಾರದಲ್ಲಿ 2016ರಲ್ಲಿ ವೈದ್ಯಕೀಯ ಕಾಲೇಜು ಆರಂಭವಾದರೂ, ಹೃದಯ ಮತ್ತು ನರಸಂಬಂಧಿ ಕಾಯಿಲೆಯ ಗಂಭೀರ ರೋಗಿಗಳನ್ನು ಇಂದಿಗೂ ಹುಬ್ಬಳ್ಳಿ, ಮಣಿಪಾಲ, ಮಂಗಳೂರು ಇಲ್ಲವೇ ಗೋವಾದ ಬಾಂಬೋಳಿಗೆ ಕರೆದೊಯ್ಯಲಾಗುತ್ತದೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ, ಮತ್ತು ಅದರಿಂದ ಎಷ್ಟೋ ಮನೆಗಳು ಉಳಿದುಕೊಂಡಿವೆ. ಆದರೆ ರೋಗಿಯ ಜೊತೆಗೆ ಹೋದ ಮಗ ಹದಿನೈದು ದಿನ ಅಡಿಕೆ ಕೊನೆಕೊಯ್ಲಿನ ಕೂಲಿ ಬಿಟ್ಟು ಆಸ್ಪತ್ರೆಯ ಹೊರಗೆ ಉಳಿದ, ಉಂಡ ಖರ್ಚನ್ನು ಯಾವ ಆರೋಗ್ಯ ಲೆಕ್ಕಪತ್ರವೂ ಹಿಡಿಯುವುದಿಲ್ಲ. ಶೇ. 39.4 ಎಂಬ ಅಂಕಿಯನ್ನು ನಮ್ಮ ಜಿಲ್ಲೆಯವರು ಇದನ್ನೂ ಸೇರಿಸಿಕೊಂಡೇ ಓದಬೇಕು.

ಹೆಚ್ಚು ವಿವರವಾಗಿ ಹೇಳಬೇಕಾದದ್ದು ಕೆಲಸ ಮಾಡುವವರ ವಿಷಯ. ದೇಶದಲ್ಲಿ ಸುಮಾರು 10 ಲಕ್ಷ ಆಶಾ ಕಾರ್ಯಕರ್ತೆಯರಿದ್ದಾರೆ. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅವರನ್ನು ಗೌರವಿಸಿತು. ಆದರೆ ಸರ್ಕಾರದ ಕಡತದಲ್ಲಿ ಅವರು ನೌಕರರಲ್ಲ, ಸ್ವಯಂಸೇವಕಿಯರು. ಆಸ್ಪತ್ರೆಯಲ್ಲಿ ಹೆರಿಗೆಯಾಗಿ ಮನೆಗೆ ಬಂದ ಬಾಣಂತಿಯನ್ನೂ ಮಗುವನ್ನೂ ಆಶಾ 3, 7, 14, 21, 28 ಮತ್ತು 42ನೇ ದಿನಗಳಂದು ನೋಡಬೇಕು: ಮಗುವಿನ ತೂಕ ತೆಗೆಯಬೇಕು, ಜ್ವರ ನೋಡಬೇಕು, ಹೊಕ್ಕುಳು ಒಣಗಿದೆಯೇ, ಮಗು ಎದೆಹಾಲು ಸರಿಯಾಗಿ ಎಳೆಯುತ್ತಿದೆಯೇ ಎಂದು ಪರೀಕ್ಷಿಸಿ ಕಾರ್ಡಿನಲ್ಲಿ ಬರೆಯಬೇಕು. ಈ ಆರೂ ಭೇಟಿಗಳಿಗೆ ಒಟ್ಟು ಪ್ರೋತ್ಸಾಹಧನ 250 ರೂಪಾಯಿ, ಅಂದರೆ ಭೇಟಿಯೊಂದಕ್ಕೆ 42 ರೂಪಾಯಿಗಿಂತ ಕಡಿಮೆ. ಮನೆಗಳು ಒತ್ತಾಗಿರುವ ಊರಿನಲ್ಲಿ ಇಂಥ ನಾಲ್ಕು ಭೇಟಿಗಳು ಒಂದು ಬೆಳಗ್ಗೆಯಲ್ಲಿ ಮುಗಿಯುತ್ತವೆ. ಸಿದ್ದಾಪುರದ ಕಾಡಂಚಿನಲ್ಲಿ ತೋಟಕ್ಕೊಂದರಂತೆ ಮನೆಗಳಿವೆ. ಮಳೆಗಾಲದಲ್ಲಿ ಕಾಲುಸಂಕ (ಹಳ್ಳ ದಾಟುವ ಕಿರುಸೇತುವೆ) ಮುಳುಗಿದರೆ ಹಳ್ಳ ಸುತ್ತಿ ಹೋಗಬೇಕು, ಒಂದೇ ಮನೆಗೆ ಅರ್ಧ ದಿನ ಬೇಕು. ಮಂಗನ ಕಾಯಿಲೆಯ ಋತುವಿನಲ್ಲಿ, ಅದನ್ನು ಹರಡುವ ಉಣುಗು (ಉಣ್ಣೆ) ಕಚ್ಚದಂತೆ ಮೈಗೆ ಹಚ್ಚುವ ಡೀಪಾ ಎಣ್ಣೆಯನ್ನು ಮನೆಮನೆಗೆ ಮುಟ್ಟಿಸುವವರೂ ಇವರೇ. ಸಾವಿರ ಜನಕ್ಕೊಬ್ಬ ಆಶಾ ಎಂಬ ನಿಯಮವನ್ನು ಗುಡ್ಡಗಾಡಿನಲ್ಲಿ ಸಡಿಲಿಸಲು ಅವಕಾಶವಿದೆ, ಆದರೆ ಹಾಗೆ ಸಡಿಲಿಸಿದಾಗ ಆಕೆಯ ಪಾಲಿನ ಪ್ರಕರಣಗಳೂ ಕಡಿಮೆಯಾಗಿ ಆದಾಯ ಇನ್ನಷ್ಟು ಕುಗ್ಗುತ್ತದೆ. ರಾಜ್ಯ ಸರ್ಕಾರ ಸೇರಿಸುವ ಮಾಸಿಕ ಗೌರವಧನದಿಂದ ಈ ನಷ್ಟ ತುಂಬುವುದಿಲ್ಲ.

ಇದಕ್ಕಿಂತ ಆಳವಾದ ಬದಲಾವಣೆಯೊಂದಿದೆ. ಐದನೇ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ ಒಬ್ಬ ಮಹಿಳೆಗೆ ಸರಾಸರಿ 1.7 ಮಕ್ಕಳು. ಹೆರಿಗೆ ಕಡಿಮೆಯಾದಂತೆ ಹೆರಿಗೆಯ ಸುತ್ತ ಹೆಣೆದ ಪ್ರೋತ್ಸಾಹಧನವೂ ಇಳಿಯುತ್ತದೆ, ಅದೇ ಹೊತ್ತಿಗೆ ವೃದ್ಧರ ಆರೈಕೆಯ ಕೆಲಸ ಏರುತ್ತದೆ. ಮಕ್ಕಳೆಲ್ಲ ಬೆಂಗಳೂರಿನಲ್ಲಿದ್ದು ಅಪ್ಪ ಅಮ್ಮ ಇಬ್ಬರೇ ಇರುವ ಮನೆಗಳು ಇಲ್ಲಿ ಊರೂರಿಗೂ ಇವೆ. ಪಾರ್ಶ್ವವಾಯು ಆದವರು ಹುಬ್ಬಳ್ಳಿಯಿಂದ ಬಿಡುಗಡೆಯಾಗಿ ಬಂದ ಮೇಲೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಮೂಗಿನ ನಳಿಕೆಯಲ್ಲಿ ಗಂಜಿ ಕೊಡಬೇಕು, ಮೂತ್ರದ ಚೀಲ ನೋಡಿಕೊಳ್ಳಬೇಕು. ಎಪ್ಪತ್ತು ದಾಟಿದ ಹೆಂಡತಿ ಇದನ್ನು ಒಬ್ಬಳೇ ಎಷ್ಟು ದಿನ ಮಾಡಿಯಾಳು? ವಿಮೆ ಆಸ್ಪತ್ರೆಯ ಬಾಗಿಲಿಗೇ ನಿಲ್ಲುತ್ತದೆ. ಹೋಮ್ ನರ್ಸ್ ಬೇಕೆಂದರೆ ಏಜೆನ್ಸಿಯ ಮೂಲಕ ತರಿಸಿ ಪೂರ್ತಿ ಹಣ ಮನೆಯವರೇ ಕೊಡಬೇಕು. ಬಂದ ಹೆಣ್ಣುಮಗಳಿಗೆ ವಾರದ ರಜೆ, ಪಿಎಫ್, ಇಎಸ್‌ಐ ಸಿಗುವುದು ತೀರ ಅಪರೂಪ. ಇನ್ನು ಬಡ ವೃದ್ಧರ ಮಾಸಾಶನಕ್ಕೆ, 60ರಿಂದ 79ರ ವಯಸ್ಸಿನವರಿಗೆ, ಕೇಂದ್ರ ಕೊಡುವ ಪಾಲು ತಿಂಗಳಿಗೆ 200 ರೂಪಾಯಿಯಲ್ಲೇ ನಿಂತಿದೆ.

ಇಂಥ ದುಡಿಮೆಯನ್ನು ಉದ್ಯೋಗವೆಂದು ಒಪ್ಪಬೇಕೆಂಬ ಮಾತು ಹೊಸದಲ್ಲ. 2013ರ 45ನೇ ಭಾರತೀಯ ಕಾರ್ಮಿಕ ಸಮ್ಮೇಳನ ಅಂಗನವಾಡಿ ಮತ್ತು ಆಶಾ ಕಾರ್ಯಕರ್ತೆಯರನ್ನು ಕಾರ್ಮಿಕರೆಂದು ಪರಿಗಣಿಸಲು ಶಿಫಾರಸು ಮಾಡಿತು. 2022ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಅಂಗನವಾಡಿ ಕಾರ್ಯಕರ್ತೆಯರು ಮತ್ತು ಸಹಾಯಕಿಯರು ಗ್ರಾಚ್ಯುಟಿಗೆ ಅರ್ಹರೆಂದು ತೀರ್ಪಿತ್ತಿತು. ಆಶಾ ಕಾರ್ಯಕರ್ತೆಯರಿಗೂ ನಿಗದಿತ ಸಂಬಳ ಮತ್ತು ಅದರ ಮೇಲೆ ಕ್ಷೇತ್ರದ ವಿಸ್ತೀರ್ಣಕ್ಕೆ ತಕ್ಕ ಸಂಚಾರ ಭತ್ಯೆ ಕೊಡುವುದೇ ನ್ಯಾಯವೆಂದು ನಾನು ನಂಬಿದ್ದೇನೆ.

ಮನೆಯಲ್ಲಿ ಹಾಸಿಗೆ ಹಿಡಿದವರ ಆರೈಕೆಗೆ ದಾರಿ ನಮ್ಮ ನೆರೆಯಲ್ಲೇ ಇದೆ. ಕೇರಳದಲ್ಲಿ 2008ರ ಉಪಶಾಮಕ ಆರೈಕೆ (ಗುಣವಾಗದ ಕಾಯಿಲೆಯವರ ನೋವು, ಕಷ್ಟ ಕಡಿಮೆ ಮಾಡುವ ಆರೈಕೆ) ನೀತಿಯ ಬಳಿಕ ಸ್ಥಳೀಯ ಪಂಚಾಯಿತಿಗಳ ಹಣದಲ್ಲಿ ನರ್ಸ್‌ಗಳು ಮನೆಗೇ ಹೋಗಿ ಹಾಸಿಗೆ ಹುಣ್ಣು ತೊಳೆಯುತ್ತಾರೆ, ನಳಿಕೆ ಬದಲಿಸುತ್ತಾರೆ. 15ನೇ ಹಣಕಾಸು ಆಯೋಗವೂ ಸ್ಥಳೀಯ ಸಂಸ್ಥೆಗಳ ಮೂಲಕ ಆರೋಗ್ಯಕ್ಕೆಂದು ಐದು ವರ್ಷಗಳಿಗೆ 70,051 ಕೋಟಿ ರೂಪಾಯಿ ಶಿಫಾರಸು ಮಾಡಿತ್ತು. ಅದರ ದೊಡ್ಡ ಪಾಲು ಕಟ್ಟಡ ಮತ್ತು ಪ್ರಯೋಗಾಲಯ ಸೌಲಭ್ಯಗಳಿಗೆ ಮೀಸಲಾಗಿತ್ತು. ನಮ್ಮಲ್ಲಿ ಮುಂದಿನ ಅನುದಾನದ ಯೋಜನೆ ಗ್ರಾಮಸಭೆಗೆ ಬಂದಾಗ, ಎರಡು ಮೂರು ಪಂಚಾಯಿತಿ ಸೇರಿ ಒಬ್ಬ ನರ್ಸ್ ಮತ್ತು ಒಂದು ಜೀಪಿನ ವೆಚ್ಚವನ್ನು ಅದರಲ್ಲಿ ಸೇರಿಸಲು ಕೇಳಬೇಕು. ಹಾಗೆ ಕೇಳುವ ಮೊದಲು ಆಶಾ ಕಾರ್ಯಕರ್ತೆಯಿಂದ ಊರಿನಲ್ಲಿ ಹಾಸಿಗೆ ಹಿಡಿದವರ ಪಟ್ಟಿ ಮಾಡಿಸಿ, ಪ್ರತಿ ಮನೆ ಉಪಕೇಂದ್ರದಿಂದ ಎಷ್ಟು ಕಿಲೋಮೀಟರ್ ದೂರವಿದೆ, ಅದರಲ್ಲಿ ಮಳೆಗಾಲದಲ್ಲಿ ವಾಹನ ಹೋಗುವುದು ಎಲ್ಲಿಯವರೆಗೆ ಎಂಬುದನ್ನೂ ಹೆಸರಿನ ಮುಂದೆ ಬರೆಯಿಸಿಕೊಳ್ಳಿ.