ಸ್ವಲ್ಪ ಜೋರಾಗಿ ಬಿಡಬಾರದೇ ಸಿಸ್ಟರ್?

ನಮ್ಮ ಡೇ ಕೇರ್ ವಾರ್ಡಿನಲ್ಲಿ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಈ ಪ್ರಶ್ನೆ ಒಂದಲ್ಲ ಒಂದು ಹಾಸಿಗೆಯ ಬಳಿಯಿಂದ ಕೇಳಿಬರುತ್ತದೆ. ಕೇಳುವವರು ಹೆಚ್ಚಾಗಿ ರೋಗಿಯಲ್ಲ, ಪಕ್ಕದ ಸ್ಟೂಲಿನ ಮೇಲೆ ಕುಳಿತ ಮಗನೋ ಅಳಿಯನೋ. ಸಂಜೆಯ ಬಸ್ಸಿಗೆ ಸೀಟು ಕಾದಿರಿಸಿ ಬಂದಿರುತ್ತಾರೆ. ಡ್ರಿಪ್ ಚೀಲದಲ್ಲಿರುವುದು ಒಂದು ಲೋಟದಷ್ಟೂ ಇಲ್ಲದ ದ್ರವ. ಅದಕ್ಕೆ ನಾಲ್ಕು ಗಂಟೆ ಎಂದರೆ ಯಾರಿಗಾದರೂ ಅನುಮಾನ ಬರುತ್ತದೆ.

ಆ ದ್ರವದ ಹೆಸರು ಒಬಿನುಟುಜುಮಾಬ್. ನಿಧಾನವಾಗಿ ಬೆಳೆಯುವ ರಕ್ತಕ್ಯಾನ್ಸರ್ ಆದ ದೀರ್ಘಕಾಲೀನ ಲಿಂಫೋಸೈಟಿಕ್ ಲ್ಯುಕೇಮಿಯಾ, ಅಂದರೆ ಸಿಎಲ್‌ಎಲ್‌ಗೆ ಕೊಡುವ ಪ್ರತಿಕಾಯ (ಆ್ಯಂಟಿಬಾಡಿ) ಔಷಧಿ. ಮೊದಲ ದಿನ 100 ಮಿಲಿಗ್ರಾಂ, ಗಂಟೆಗೆ 25ರಂತೆ ನಾಲ್ಕು ಗಂಟೆ. ಅಂದು ವೇಗ ಹೆಚ್ಚಿಸುವ ಮಾತೇ ಇಲ್ಲ. ಮರುದಿನ 900 ಮಿಲಿಗ್ರಾಂ. ಗಂಟೆಗೆ 50ರಿಂದ ಶುರುಮಾಡಿ ಅರ್ಧ ಗಂಟೆಗೊಮ್ಮೆ 50 ಏರಿಸುತ್ತ 400ರವರೆಗೆ ಹೋಗುತ್ತೇವೆ. ಕೂಡಿ ನೋಡಿ, ಅದೂ ಸರಿಯಾಗಿ ನಾಲ್ಕೇ ಗಂಟೆ. ಹತ್ತರಲ್ಲಿ ಒಂದು ಪಾಲಿಗೆ ಹಿಡಿದಷ್ಟೇ ಹೊತ್ತು ಉಳಿದ ಒಂಬತ್ತು ಪಾಲಿಗೂ ಸಾಕು.

ಕಾರಣ ಔಷಧಿಯಲ್ಲಿ ಎಷ್ಟಿದೆಯೋ ರೋಗಿಯ ರಕ್ತದಲ್ಲೂ ಅಷ್ಟೇ ಇದೆ. ಸಿಎಲ್‌ಎಲ್‌ನಲ್ಲಿ ಬಿ ಲಿಂಫೋಸೈಟ್ ಎಂಬ ಬಿಳಿ ಕಣಗಳು ಲೆಕ್ಕಮೀರಿ ತುಂಬಿಕೊಂಡಿರುತ್ತವೆ. ಅವುಗಳ ಮೈಮೇಲೆ ಸಿಡಿ20 ಎಂಬ ಗುರುತು. ಪ್ರತಿಕಾಯ ಹೋಗಿ ಅದಕ್ಕೆ ಅಂಟಿಕೊಳ್ಳುತ್ತದೆ, ದೇಹದ ರಕ್ಷಣಾ ಕಣಗಳು ಬಂದು ಆ ಕಣವನ್ನು ಕೊಲ್ಲುತ್ತವೆ. ಈ ಗುರುತನ್ನೇ ಹಿಡಿಯುವ ರಿಟುಕ್ಸಿಮಾಬ್ 1997ರಲ್ಲೇ ಅಮೆರಿಕದಲ್ಲಿ ಬಳಕೆಗೆ ಬಂತು. 2013ರಲ್ಲಿ ಬಂದ ಒಬಿನುಟುಜುಮಾಬ್‌ನ ಸಕ್ಕರೆಯ ಕೊಂಡಿಯನ್ನು ಮಾರ್ಪಡಿಸಿ, ರಕ್ಷಣಾ ಕಣಗಳು ಇನ್ನೂ ಬಿಗಿಯಾಗಿ ಹಿಡಿಯುವಂತೆ ಮಾಡಿದ್ದಾರೆ. ಹಿಡಿತ ಬಿಗಿಯಾದಷ್ಟೂ ಮೊದಲ ದಿನದ ಗಲಾಟೆಯೂ ಜೋರು. ಒಂದೇ ಸಲಕ್ಕೆ ಅಸಂಖ್ಯ ಕಣಗಳ ಮೇಲೆ ದಾಳಿಯಾದಾಗ ಸೈಟೊಕೈನ್‌ಗಳೆಂಬ ರಾಸಾಯನಿಕಗಳು ರಕ್ತಕ್ಕೆ ನುಗ್ಗುತ್ತವೆ. ಚಳಿ, ಜ್ವರ, ಉಬ್ಬಸ, ಬಿಪಿ ಕುಸಿತ ಎಲ್ಲದಕ್ಕೂ ಮೂಲ ಅದು.

ಕೆಲವು ವರ್ಷಗಳ ಹಿಂದೆ ನಿವೃತ್ತ ಮೇಷ್ಟ್ರೊಬ್ಬರು ಬಂದಿದ್ದರು. ಬೇರೆ ಯಾವುದಕ್ಕೋ ಮಾಡಿಸಿದ ರಕ್ತಪರೀಕ್ಷೆಯಲ್ಲಿ ಕಾಯಿಲೆ ಗೊತ್ತಾಗಿ, ಐದು ವರ್ಷ ಔಷಧಿಯಿಲ್ಲದೆ ಬರೀ ನೋಡಿಕೊಂಡಿದ್ದೆವು. ಈ ಕಾಯಿಲೆಯಲ್ಲಿ ಅದೇ ಸರಿಯಾದ ಕ್ರಮ. ಆಮೇಲೆ ಹಿಮೋಗ್ಲೋಬಿನ್ ಇಳಿಯತೊಡಗಿತು, ಕುತ್ತಿಗೆಯ ಗಂಟುಗಳು ದಪ್ಪವಾದವು, ಚಿಕಿತ್ಸೆ ಶುರುಮಾಡಿದೆವು. ಡ್ರಿಪ್ ಹಾಕಿ ನಲವತ್ತು ನಿಮಿಷವಾಗಿರಬೇಕು, ಮಂಚ ಅಲುಗಾಡುವಷ್ಟು ನಡುಕ ಬಂತು. ಬಿಪಿ 90ಕ್ಕಿಂತ ಕೆಳಗೆ. ನಮ್ಮ ಸಿಸ್ಟರ್ ಮೊದಲು ಪಂಪ್ ನಿಲ್ಲಿಸಿದರು, ಆಮೇಲೆ ನನ್ನನ್ನು ಕರೆದರು. ಈ ಅನುಕ್ರಮ ಮುಖ್ಯ. ಡಾಕ್ಟರು ಬಂದು ನೋಡಲಿ ಎಂದು ಕಾಯುವ ಎರಡು ನಿಮಿಷವೂ ಔಷಧಿ ಒಳಗೆ ಹೋಗುತ್ತಲೇ ಇರುತ್ತದೆ.

ಬಿಪಿ ಅಷ್ಟು ಇಳಿಯಲು ಇನ್ನೊಂದು ಕಾರಣ ವಿಚಾರಿಸಿದಾಗ ಹೊರಬಿತ್ತು. ಮೇಷ್ಟ್ರು ಶಿಸ್ತಿನ ಮನುಷ್ಯ. ಬೆಳಿಗ್ಗೆ ಆರಕ್ಕೆ ತಪ್ಪದೆ ಬಿಪಿ ಮಾತ್ರೆ ನುಂಗಿ ಬಂದಿದ್ದರು. ಡ್ರಿಪ್‌ಗೆ ಹನ್ನೆರಡು ಗಂಟೆ ಮೊದಲಿನಿಂದ, ಅದು ಮುಗಿದು ಒಂದು ಗಂಟೆಯವರೆಗೆ ಆ ಮಾತ್ರೆ ನಿಲ್ಲಿಸುವುದು ಒಳ್ಳೆಯದು. ಚೀಟಿಯಲ್ಲಿ ಬರೆದಿದ್ದೆವು, ಇಂಗ್ಲಿಷಿನಲ್ಲಿ! ಈಗ ಹಿಂದಿನ ಸಂಜೆ ಫೋನ್ ಮಾಡಿ ಕನ್ನಡದಲ್ಲಿ ಹೇಳುತ್ತೇವೆ. ರಕ್ತ ತೆಳುವಾಗಿಸುವ ಮಾತ್ರೆಗಳ ಬಗ್ಗೆಯೂ ಆಗಲೇ ಕೇಳುತ್ತೇವೆ, ಏಕೆಂದರೆ ಮೊದಲ ಸುತ್ತಿನಲ್ಲಿ ಪ್ಲೇಟ್‌ಲೆಟ್‌ಗಳು ದಿಢೀರನೆ ಇಳಿಯುವುದುಂಟು. ಯಾವುದನ್ನೂ ರೋಗಿ ತಾನಾಗಿ ನಿಲ್ಲಿಸಬಾರದು, ಕೇಳಿಯೇ ನಿಲ್ಲಿಸಬೇಕು.

ಇನ್ನೊಂದು ಅಭ್ಯಾಸ ನಮ್ಮದೇ, ವೈದ್ಯರದು. ಡ್ರಿಪ್‌ಗೆ ಮುಂಚೆ ಸ್ಟಿರಾಯ್ಡ್ ಎಂದರೆ ಕೈ ತಾನಾಗಿ ಹೈಡ್ರೊಕಾರ್ಟಿಸೋನ್ ಕಡೆಗೆ ಹೋಗುತ್ತದೆ. ಬೇರೆ ಕಡೆ ಅದು ಸಾಕಾಗಬಹುದು, ಈ ಔಷಧಿಯ ಮಟ್ಟಿಗೆ ಕೆಲಸ ಮಾಡಿಲ್ಲ. ಡೆಕ್ಸಾಮೆಥಸೋನ್ 20 ಮಿಲಿಗ್ರಾಂ ಅಥವಾ ಮೀಥೈಲ್‌ಪ್ರೆಡ್ನಿಸೊಲೋನ್ 80 ಮಿಲಿಗ್ರಾಂ ಬೇಕು, ಅದೂ ಕನಿಷ್ಠ ಒಂದು ಗಂಟೆ ಮುಂಚೆ ಮುಗಿದಿರಬೇಕು. ಪ್ಯಾರಾಸಿಟಮಾಲ್ ಮತ್ತು ಅಲರ್ಜಿ ನಿರೋಧಕ ಅರ್ಧ ಗಂಟೆ ಮುಂಚೆ. ಸ್ಟಿರಾಯ್ಡ್ ಕೊಟ್ಟೊಡನೆಯೇ ಡ್ರಿಪ್ ಚಾಲೂ ಮಾಡಿದರೆ ಕೊಟ್ಟೂ ಕೊಡದ ಹಾಗೆ.

ಮೊದಲ ದಿನದ ಮೊದಲು ಒಂದು ಪರೀಕ್ಷೆಯನ್ನು ನಾನು ಯಾರಿಗೂ ಬಿಡುವುದಿಲ್ಲ: ಹೆಪಟೈಟಿಸ್ ಬಿ. ಮೇಲ್ಮೈ ಪ್ರತಿಜನಕ, ಅಂದರೆ ವೈರಸ್‌ನ ಹೊರಮೈಯ ಪ್ರೋಟೀನ್ ಮಾತ್ರ ನೋಡಿ 'ನೆಗೆಟಿವ್' ಎಂದು ನೆಮ್ಮದಿಪಟ್ಟರೆ ಮೋಸಹೋಗುತ್ತೇವೆ. ಎಂದೋ ಬಂದು ಹೋದ ಸೋಂಕು ಯಕೃತ್ತಿನಲ್ಲಿ ಅಡಗಿರಬಹುದು, ಅದರ ಸುಳಿವು ಕೊಡುವುದು ಕೋರ್ ಪ್ರತಿಕಾಯದ ಪರೀಕ್ಷೆ. ಬಿ ಕಣಗಳನ್ನು ಅಳಿಸಿದ ಮೇಲೆ ವೈರಸ್ ಎದ್ದು ಕುಳಿತರೆ ಕ್ಯಾನ್ಸರ್ ಹಿಡಿತಕ್ಕೆ ಬಂದಿದ್ದರೂ ಕಾಮಾಲೆ ಪ್ರಾಣ ತೆಗೆಯಬಹುದು. ಪಾಸಿಟಿವ್ ಬಂದರೆ ಚಿಕಿತ್ಸೆ ಕೈಬಿಡಬೇಕಿಲ್ಲ. ಎಂಟೆಕವಿರ್ ಅಥವಾ ಟೆನೊಫೋವಿರ್ ಮಾತ್ರೆ ಜೊತೆಗಿರಬೇಕು, ಕೊನೆಯ ಡ್ರಿಪ್ ಮುಗಿದ ಮೇಲೂ ಕನಿಷ್ಠ ಒಂದು ವರ್ಷ. ಜನ ತಪ್ಪುವುದು ಆ ಕೊನೆಯ ವರ್ಷದಲ್ಲೇ.

ಕಣಗಳು ಒಟ್ಟಿಗೆ ಒಡೆದಾಗ ಒಳಗಿನ ಪೊಟ್ಯಾಸಿಯಂ, ರಂಜಕ, ಯೂರಿಕ್ ಆಮ್ಲ ರಕ್ತಕ್ಕೆ ಸುರಿಯುತ್ತವೆ. ಮೂತ್ರಪಿಂಡಕ್ಕೂ ಹೃದಯದ ಬಡಿತಕ್ಕೂ ಅದು ಅಪಾಯ. ಹಿಂದಿನ ದಿನದಿಂದಲೇ ಅಲೊಪ್ಯುರಿನಾಲ್ ಕೊಡುತ್ತೇವೆ, ಚೆನ್ನಾಗಿ ನೀರು ಕುಡಿಯಲು ಹೇಳುತ್ತೇವೆ. ಹಾಗೆ ಹೇಳಿದೊಡನೆ ಮನೆಯವರು ಎಳನೀರು ಕೊಚ್ಚಿಸಿಕೊಂಡು ಬರುತ್ತಾರೆ. ಆಸ್ಪತ್ರೆಯ ಗೇಟಿನಾಚೆ ಸಾಲಾಗಿ ಎಳನೀರು ಮಾರುವವರೇ. ಎಳನೀರಿನಲ್ಲಿ ಪೊಟ್ಯಾಸಿಯಂ ಹೇರಳ. ಆ ಮೊದಲ ಕೆಲವು ದಿನಗಳ ಮಟ್ಟಿಗೆ ಮೇಷ್ಟ್ರ ಎಳನೀರನ್ನು ಅವರ ಮಗನೇ ಕುಡಿದ.

ನಡುಕ ಕಂಡ ಮನೆಯವರು "ಔಷಧಿ ಮೈಗೆ ಒಗ್ಗಲಿಲ್ಲ, ಬಿಟ್ಟುಬಿಡೋಣ" ಎನ್ನುತ್ತಾರೆ. ಜೀವಕ್ಕೇ ಕುತ್ತು ತರುವಂಥದ್ದಾದರೆ ನಾವೂ ಪೂರ್ತಿ ಬಿಡುತ್ತೇವೆ. ಉಳಿದದ್ದು ಬೇರೆ. ಅಲರ್ಜಿ ಎರಡನೇ ಸಲ ಹೆಚ್ಚು ಕೆರಳುತ್ತದೆ. ಈ ನಡುಕ ಮಾತ್ರ ಸಾಮಾನ್ಯವಾಗಿ ಇಳಿಯುತ್ತದೆ, ಏಕೆಂದರೆ ದಾಳಿಗೆ ಅಷ್ಟು ಕಣಗಳೇ ಉಳಿದಿರುವುದಿಲ್ಲ. ಸಿಎಲ್‌ಎಲ್ ಪ್ರಯೋಗಗಳಲ್ಲಿ ಮೊದಲ 1000 ಮಿಲಿಗ್ರಾಂಗೆ ಸುಮಾರು ಮೂವರಲ್ಲಿ ಇಬ್ಬರಿಗೆ ತೊಂದರೆ ಕಂಡಿತ್ತು; ಎರಡನೇ 1000ಕ್ಕೆ ನೂರಕ್ಕೆ ಮೂವರಿಗೆ.

ಮೇಷ್ಟ್ರಿಗೆ ಸಲೈನ್, ಆಮ್ಲಜನಕ, ಇನ್ನೊಂದು ಡೋಸ್ ಸ್ಟಿರಾಯ್ಡ್ ಕೊಟ್ಟು, ಪೂರ್ತಿ ಸುಧಾರಿಸಿದ ಮೇಲೆ ಪಂಪನ್ನು ಅರ್ಧ ವೇಗಕ್ಕೆ ಇಟ್ಟೆವು, ಗಂಟೆಗೆ 12.5. ಬಸ್ ತಪ್ಪಿತು. ರಾತ್ರಿ ವಾರ್ಡಿನಲ್ಲೇ ಉಳಿದರು. ಮರುದಿನ ಗಂಟೆಗೆ 25ರಿಂದ ಶುರುಮಾಡಿದ 900 ತಣ್ಣಗೆ ಇಳಿಯಿತು. ಎಂಟನೇ ದಿನ ಪೂರ್ತಿ 1000 ಮಿಲಿಗ್ರಾಂ ಮೂರೂಕಾಲು ಗಂಟೆಯಲ್ಲಿ ಮುಗಿದಾಗ ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡು ಖಾಲಿ ಚೀಲವನ್ನೊಮ್ಮೆ, ಸಿಸ್ಟರನ್ನೊಮ್ಮೆ ನೋಡಿದರು: "ಈ ಸಲ ಬರೀ ನೀರು ಹಾಕಿಲ್ಲ ತಾನೇ?"