ಬಿಲ್ಲಿನ ಅಳತೆಗೆ ಉಳಿದ ಕಾಡು

ಪೆರು ದೇಶದ ಆಗ್ನೇಯ ಭಾಗದಲ್ಲಿರುವ ಮಾನು ರಾಷ್ಟ್ರೀಯ ಉದ್ಯಾನವು ಆಂಡಿಸ್ ಪರ್ವತದ ಹುಲ್ಲುಗಾವಲುಗಳಿಂದ ಇಳಿಯುತ್ತ ಬಂದು ಅಮೆಜಾನಿನ ತಗ್ಗು ಮಳೆಕಾಡನ್ನು ಸೇರುತ್ತದೆ. 1973ರಲ್ಲಿ ಘೋಷಣೆಯಾಗಿ 1987ರಲ್ಲಿ ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ, ಸುಮಾರು 17 ಲಕ್ಷ ಹೆಕ್ಟೇರ್ ವಿಸ್ತಾರದ ಈ ಕಾಡನ್ನು ಅಲ್ಲಿನ ಹಕ್ಕಿಗಳಿಗಾಗಿ, ದೈತ್ಯ ನೀರುನಾಯಿಗಳಿಗಾಗಿ ಹೊಗಳುವವರು ಬಹಳ. ಆದರೆ ಉದ್ಯಾನದ ಒಳಗೇ ಬೇಟೆಯಾಡಿ ಬದುಕುವ ಮತ್ಸಿಗೆಂಕಾ ಜನರ ಕುರಿತು ವಿಜ್ಞಾನಿಗಳು ಹಾಕಿದ ಲೆಕ್ಕ ನನಗೆ ಅದಕ್ಕಿಂತ ಹೆಚ್ಚು ಕುತೂಹಲದ್ದಾಗಿ ಕಾಣುತ್ತದೆ.

ತಾಯಕೋಮೆ ಮತ್ತು ಯೊಮಿಬಾತೊ ಇವರ ಎರಡು ಮುಖ್ಯ ಊರುಗಳು. ಕಾಡಿನ ಸಣ್ಣ ತುಂಡೊಂದನ್ನು ಕಡಿದು, ಸುಟ್ಟು, ಮರಗೆಣಸು ಬೆಳೆದು, ಕೆಲವು ವರ್ಷಗಳ ಬಳಿಕ ಅದನ್ನು ಮತ್ತೆ ಕಾಡಿಗೇ ಬಿಟ್ಟು ಮುಂದೆ ಹೋಗುವುದು ಇವರ ಬೇಸಾಯದ ಕ್ರಮ. ಮಾಂಸಕ್ಕೆ ಕಾಡುಹಂದಿಯಂಥ ಪೆಕರಿಗಳು, ದೊಡ್ಡ ಹಕ್ಕಿಗಳು, ಜೇಡಕೋತಿ ಮತ್ತು ಉಣ್ಣೆಕೋತಿಗಳಿವೆ. ಬಿಲ್ಲನ್ನು ಗಟ್ಟಿಯಾದ ತಾಳೆಜಾತಿಯ ಮರದಿಂದ ಕೆತ್ತುತ್ತಾರೆ. ನದಿದಂಡೆಯಲ್ಲಿ ಬೆಳೆಯುವ ಜೊಂಡಿನ ನೇರ ಕಾಂಡ ಬಾಣವಾಗುತ್ತದೆ. ಎತ್ತರದ ಮರದ ತುದಿಯಲ್ಲಿ ಓಡುವ ಕೋತಿಗೆ ಕೆಳಗಿನಿಂದ ಗುರಿಯಿಡುವುದು ಸುಲಭವಲ್ಲ. ತಪ್ಪಿದ ಬಾಣ ಎಷ್ಟೋ ಬಾರಿ ಕೊಂಬೆಗಳ ನಡುವೆಯೇ ಸಿಕ್ಕಿಕೊಳ್ಳುತ್ತದೆ. ಗಾಯಗೊಂಡ ಕೋತಿಯೂ ಬಾಲವನ್ನು ಕೊಂಬೆಗೆ ಸುತ್ತಿಕೊಂಡು ಮೇಲೆಯೇ ಉಳಿದುಬಿಡಬಹುದು.

ಈ ಕಷ್ಟಕ್ಕೆ ಜೀವವಿಜ್ಞಾನದಲ್ಲಿ ಬೆಲೆಯಿದೆ. ಜೇಡಕೋತಿಯ ಹೆಣ್ಣು ಸುಮಾರು ಮೂರು ವರ್ಷಕ್ಕೊಮ್ಮೆ ಒಂದೇ ಮರಿ ಹಾಕುತ್ತದೆ. ಇಷ್ಟು ನಿಧಾನವಾಗಿ ಹೆಚ್ಚುವ ಪ್ರಾಣಿ ತುಸು ಹೆಚ್ಚಿನ ಬೇಟೆಯನ್ನೂ ತಾಳಲಾರದು. ಅದು ಇಲ್ಲವಾದರೆ ನಷ್ಟ ಅದರೊಂದಿಗೇ ನಿಲ್ಲುವುದಿಲ್ಲ. ದೊಡ್ಡ ಬೀಜದ ಹಣ್ಣುಗಳನ್ನು ಇಡಿಯಾಗಿ ನುಂಗಿ, ತಾಯಿಮರದಿಂದ ಬಹುದೂರದಲ್ಲಿ ಹಿಕ್ಕೆಯೊಂದಿಗೆ ಬೀಜ ಬೀಳಿಸುವ ಕೆಲಸ ಇದರದು. ತಾಯಿಮರದ ಬುಡದಲ್ಲೇ ಉಳಿದ ಬೀಜ ಮತ್ತು ಸಸಿಗಳನ್ನು ಆ ಮರದ ಜಾತಿಗೇ ಅಂಟಿಕೊಂಡ ಕೀಟಗಳೂ ಶಿಲೀಂಧ್ರಗಳೂ ಬಹುಪಾಲು ಮುಗಿಸುತ್ತವೆ. ಉದ್ಯಾನದೊಳಗಿನ ಕೋಚಾ ಕಾಶು ಸಂಶೋಧನಾ ಕೇಂದ್ರದಲ್ಲಿ ದಶಕಗಳ ಕಾಲ ದುಡಿದ ಜಾನ್ ಟೆರ್‌ಬರ್ಗ್ ಮತ್ತು ಸಂಗಡಿಗರು, ಬೇಟೆಯಿಲ್ಲದ ಅಲ್ಲಿನ ಕಾಡನ್ನು ದೊಡ್ಡ ಪ್ರಾಣಿಗಳು ಬೇಟೆಯಿಂದ ವಿರಳವಾದ ಇನ್ನೊಂದು ಕಾಡಿನ ಜತೆ ಹೋಲಿಸಿದಾಗ, ಎರಡನೆಯದರಲ್ಲಿ ದೊಡ್ಡ ಪ್ರಾಣಿಗಳನ್ನು ನಂಬಿದ ಮರಗಳ ಎಳೆಸಸಿಗಳು ಕಡಿಮೆಯಾಗಿದ್ದವು.

ಹಾಗಿದ್ದರೆ ಮತ್ಸಿಗೆಂಕಾ ಬೇಟೆ ಕಾಡನ್ನು ಬರಿದು ಮಾಡುತ್ತಿದೆಯೇ? ಬೇಟೆಯ ದಾಖಲೆಗಳನ್ನು ಆಧರಿಸಿದ ಅಧ್ಯಯನಗಳ ಪ್ರಕಾರ ಊರಿನ ಸುತ್ತ ಜೇಡಕೋತಿಗಳು ವಿರಳವಾಗಿರುವುದು ನಿಜ. ಆದರೆ ಬೇಟೆಗಾರರು ನಡೆದು ಹೋಗಿಬರುವಷ್ಟು ದೂರದ ಆಚೆ ಮುಟ್ಟದ ಕಾಡು ವಿಶಾಲವಾಗಿ ಹಬ್ಬಿದ್ದು, ಅಲ್ಲಿಂದ ಪ್ರಾಣಿಗಳು ಖಾಲಿಯಾದ ಜಾಗಕ್ಕೆ ವಲಸೆ ಬರುತ್ತಲೇ ಇರುತ್ತವೆ. ಜನಸಂಖ್ಯೆ ಹೆಚ್ಚಿದರೂ ಬಿಲ್ಲು ಬಿಲ್ಲಾಗಿಯೇ ಉಳಿಯುವ ತನಕ ಹಾನಿ ಉದ್ಯಾನದ ಸಣ್ಣ ಭಾಗಕ್ಕೆ ಸೀಮಿತವಾಗಿರುತ್ತದೆ, ಬಂದೂಕು ಬಂದರೆ ಈ ಲೆಕ್ಕ ತಲೆಕೆಳಗಾಗುತ್ತದೆ ಎಂಬುದು ಗಣಿತ ಮಾದರಿಗಳ ಸೂಚನೆ. ಜನರ ಸಂಖ್ಯೆಗಿಂತ ಆಯುಧವೇ ನಿರ್ಣಾಯಕ ಎನ್ನುವ ಈ ಫಲಿತಾಂಶವನ್ನು, ಕಾಡು ಉಳಿಯಬೇಕಾದರೆ ಜನ ಹೊರಗೆ ಹೋಗಬೇಕು ಎಂದು ಸಲೀಸಾಗಿ ಹೇಳಿಬಿಡುವವರು ಒಮ್ಮೆ ಗಮನಿಸಬೇಕು.

ಬಿಲ್ಲು ಉಳಿದದ್ದು ಸಂಪ್ರದಾಯದ ಬಲದಿಂದ ಮಾತ್ರವಲ್ಲ. ತಾಯಕೋಮೆಗೆ ಕ್ರೈಸ್ತ ಮಿಷನರಿಗಳ ಕಾಲದಲ್ಲಿ ಬಂದೂಕು ಬಂದಿತ್ತು. ಉದ್ಯಾನವಾದ ಮೇಲೆ ಬಂದೂಕು ನಿಷಿದ್ಧವಾಯಿತು, ಮಿಷನರಿಗಳು ಹೊರಟರು, ಅವರ ಹಿಂದೆ ಅನೇಕ ಮತ್ಸಿಗೆಂಕಾ ಕುಟುಂಬಗಳೂ ಉದ್ಯಾನದ ಆಚೆಗೆ ನಡೆದವು. ಇದೇ ಕಾಡಿನಲ್ಲಿ ಹೊರಗಿನವರ ಸಂಪರ್ಕವನ್ನೇ ಬಯಸದ ಮಾಷ್ಕೊ ಪಿರೊ ಜನರೂ ಇದ್ದಾರೆ. 1890ರ ದಶಕದಲ್ಲಿ ರಬ್ಬರ್ ವ್ಯಾಪಾರಿ ಕಾರ್ಲೋಸ್ ಫಿಟ್ಸ್‌ಕರಾಲ್ಡ್ ಮಾನು ನದಿಗೆ ಬಂದಾಗ ನಡೆದ ಹತ್ಯಾಕಾಂಡವನ್ನು ನೆನೆದರೆ ಅವರ ಪೂರ್ವಿಕರು ಕಾಡಿನ ಆಳಕ್ಕೆ ಸರಿದದ್ದೇಕೆಂದು ತಿಳಿಯುತ್ತದೆ. ಇಂದಿಗೂ ಹೊರಗಿನ ಸಾಮಾನ್ಯ ಶೀತಜ್ವರವೇ ಅವರಿಗೆ ಪ್ರಾಣಾಂತಿಕವಾಗಬಲ್ಲದು.

ಒಳಗುಳಿದ ಮತ್ಸಿಗೆಂಕಾ ಜನರಿಗೆ ಪಾತ್ರೆ, ಮಚ್ಚು, ಸಾಬೂನು, ಶಾಲೆ, ಔಷಧಿ ಎಲ್ಲವೂ ಬೇಕು. ಯೊಮಿಬಾತೊದಿಂದ ದೋಣಿಯಲ್ಲಿ ಹೊರಟವರು ಹೊರಗಿನ ಪೇಟೆ ಮುಟ್ಟಲು ದಿನಗಳೇ ಹಿಡಿಯುತ್ತವೆ. ಬಂದೂಕನ್ನು ದೂರವಿಟ್ಟದ್ದಕ್ಕೆ ಪ್ರತಿಯಾಗಿ ಶಾಲೆ, ಆರೋಗ್ಯ ಸೇವೆಗಳನ್ನು ಒದಗಿಸುವ ಒಪ್ಪಂದವಾಗಲಿ ಎಂದು ಕೆಲವು ಸಂಶೋಧಕರು ಸೂಚಿಸಿದ್ದಾರೆ. ನನ್ನ ದೃಷ್ಟಿಯಲ್ಲಿ ಅದು ಉಪಕಾರವಲ್ಲ, ಸಲ್ಲಬೇಕಾದ ಬಾಕಿ. ಏಕೆಂದರೆ ಜೇಡಕೋತಿ ಬಿತ್ತುವ ಮರಗಳ ಲಾಭ ಜಗತ್ತಿಗೆಲ್ಲ ಸಲ್ಲುತ್ತಿರುವಾಗ, ಬೇಟೆ ಸಿಗದ ದಿನದ ಹಸಿವು ಮಾತ್ರ ಆ ಎರಡು ಊರುಗಳ ಪಾಲಿಗೆ ಬಂದಿದೆ.