ಓದುಗರ ಪ್ರಶ್ನೆ: ಹಳೇ ಓಮ್ನಿಯ ಶಾಕ್‌ಗೆ ಮನೆಯಲ್ಲೇ ಎಣ್ಣೆ ತುಂಬಿಸಬಹುದಾ?

"ನಮ್ಮದು ಹಳೇ ಓಮ್ನಿ. ಹಿಂದಿನ ಒಂದು ಶಾಕ್‌ನಿಂದ (ಶಾಕ್ ಅಬ್ಸಾರ್ಬರ್) ಎಣ್ಣೆ ಇಳಿಯುತ್ತಿದೆ. ಅಡಿಕೆ ಮೂಟೆ ಹೇರಿದರೆ ಗಾಡಿ ಹಿಂದೆ ಕೂತುಬಿಡುತ್ತದೆ. ಮನೆಯಲ್ಲೇ ಎಣ್ಣೆ ತುಂಬಿಸಿದರೆ ಸರಿಯಾಗುತ್ತದಾ? ಯಾವ ಎಣ್ಣೆ ಹಾಕಬೇಕು?" ಬದಿಯಡ್ಕ ಕಡೆಯ ಓದುಗರೊಬ್ಬರ ಪ್ರಶ್ನೆ ಇದು.

ತುಂಬಿಸಲು ಆಗುವುದಿಲ್ಲ. ತುಂಬಿಸಿದರೂ ಗಾಡಿ ಹಿಂದೆ ಕೂರುವುದು ನಿಲ್ಲುವುದಿಲ್ಲ, ಯಾಕೆಂದರೆ ಇಲ್ಲಿರುವುದು ಎರಡು ಬೇರೆ ಬೇರೆ ತೊಂದರೆ.

ಗಾಡಿಯ ಭಾರ ಹೊರುವುದು ಸ್ಪ್ರಿಂಗ್. ಓಮ್ನಿಯ ಹಿಂದೆ ಇರುವುದು ಲೀಫ್ ಸ್ಪ್ರಿಂಗ್, ಅಂದರೆ ಪ್ಲೇಟುಗಳು. ವರ್ಷಗಟ್ಟಲೆ ಮೂಟೆ ಹೊತ್ತು ಅವುಗಳ ಬಾಗು ಕಡಿಮೆಯಾಗುತ್ತದೆ. ಕೆಲವೊಮ್ಮೆ ಒಂದು ಪ್ಲೇಟ್ ತುಂಡಾಗಿದ್ದರೂ ಗೊತ್ತಾಗುವುದಿಲ್ಲ. ಸಮತಟ್ಟು ಅಂಗಳದಲ್ಲಿ ಖಾಲಿ ಗಾಡಿ ನಿಲ್ಲಿಸಿ, ಎರಡೂ ಬದಿಯಲ್ಲಿ ಚಕ್ರದ ನಡುವಿನಿಂದ ಮಡ್‌ಗಾರ್ಡ್ ಅಂಚಿನವರೆಗೆ ಟೇಪ್ ಹಿಡಿಯಿರಿ. ಒಂದು ಬದಿ ತಗ್ಗಿದ್ದರೆ ಆ ಬದಿಯ ಪ್ಲೇಟನ್ನು ಮೊದಲು ನೋಡಿಸಿ.

ಶಾಕ್‌ನ ಕೆಲಸ ಕುಣಿತ ನಿಲ್ಲಿಸುವುದು, ಅಷ್ಟೇ. ಒಳಗೆ ಪಿಸ್ಟನ್ ಮೇಲೆ ಕೆಳಗೆ ಹೋಗುವಾಗ ಎಣ್ಣೆ ಸಣ್ಣ ಸಣ್ಣ ತೂತುಗಳಲ್ಲಿ ನುಗ್ಗಬೇಕು. ಅದು ಸುಲಭವಾಗಿ ನುಗ್ಗುವುದಿಲ್ಲ. ಕುಣಿತದ ಶಕ್ತಿ ಅಲ್ಲಿ ಬಿಸಿಯಾಗಿ ಮುಗಿದುಹೋಗುತ್ತದೆ. ಹಾಗಾಗಿ ಒಂದು ಸುಲಭದ ಪರೀಕ್ಷೆ ಇದೆ. ಹೊಂಡ ಜಾಸ್ತಿ ಇರುವ ರಸ್ತೆಯಲ್ಲಿ ಸ್ವಲ್ಪ ದೂರ ಓಡಿಸಿ ಬಂದ ತಕ್ಷಣ ಹಿಂದಿನ ಎರಡೂ ಶಾಕ್ ಮುಟ್ಟಿ ನೋಡಿ. ಸೈಲೆನ್ಸರ್‌ಗೆ ಕೈ ತಾಗದಂತೆ ಜಾಗ್ರತೆ. ಒಂದು ಬೆಚ್ಚಗಿದ್ದು ಇನ್ನೊಂದು ತಣ್ಣಗಿದ್ದರೆ, ತಣ್ಣಗಿರುವುದು ಕೆಲಸ ಮಾಡುತ್ತಿಲ್ಲ.

ಎಲ್ಲರೂ ಹೇಳುವ ಪರೀಕ್ಷೆ ಇನ್ನೊಂದಿದೆ: ಗಾಡಿಯ ಮೂಲೆಯನ್ನು ಒತ್ತಿ ಬಿಡುವುದು. ಎರಡು ಮೂರು ಸಲ ಕುಣಿದರೆ ಶಾಕ್ ಹೋಗಿದೆ ಅಂತ ಅರ್ಥ. ಕುಣಿಯದಿದ್ದರೆ ಶಾಕ್ ಚೆನ್ನಾಗಿದೆ ಅಂತ ಮಾತ್ರ ತಿಳಿಯಬೇಡಿ. ತುಕ್ಕು ಹಿಡಿದ ಪ್ಲೇಟುಗಳು ಒಂದಕ್ಕೊಂದು ಉಜ್ಜಿಕೊಂಡೇ ಕುಣಿತ ತಡೆಯುತ್ತವೆ. ನನಗೆ ಇದಕ್ಕಿಂತ ಟೈರಿನ ಮೇಲೆ ನಂಬಿಕೆ ಜಾಸ್ತಿ. ಟೈರ್ ಮೇಲೆ ಅಂಗೈ ಸವರಿದಾಗ ಅಲ್ಲಲ್ಲಿ ತಗ್ಗು ಸಿಕ್ಕಿದರೆ ಚಕ್ರ ನೆಲ ಬಿಟ್ಟು ಹಾರುತ್ತಿದೆ ಎಂಬ ಅನುಮಾನ ಪಡಬಹುದು.

ಈಗ ಎಣ್ಣೆಯ ವಿಷಯ. ಓಮ್ನಿಯ ಶಾಕ್ ಕಾರ್ಖಾನೆಯಲ್ಲೇ ಮುಚ್ಚಿ ಬಂದಿರುತ್ತದೆ. ಎಣ್ಣೆ ಹಾಕುವ ಮುಚ್ಚಳ ಎಲ್ಲೂ ಇಲ್ಲ. ಮಾರಿಸ್ ಆಕ್ಸ್‌ಫರ್ಡ್ ಕಾಲದ ಕಾರುಗಳಲ್ಲಿ ಕೈಯಂತಹ ಸನ್ನೆ ಇದ್ದ ಬೇರೆ ರೀತಿಯ ಶಾಕ್ ಇತ್ತು. ಅದರ ಪ್ಲಗ್ ತೆಗೆದು ಎಣ್ಣೆ ಹಾಕಬಹುದಿತ್ತು. ಹಿರಿಯರು "ಶಾಕ್‌ಗೆ ಎಣ್ಣೆ ಹಾಕು" ಅನ್ನುವುದು ಆ ಅನುಭವದಿಂದ ಇರಬೇಕು. ಈಗಲೂ ಶಾಕ್ ಕೊಯ್ದು ಎಣ್ಣೆ ತುಂಬಿ ವೆಲ್ಡ್ ಮಾಡಿ ಕೊಡುವವರು ಇದ್ದಾರೆ. ಬಿಡಿಭಾಗವೇ ಸಿಗದ ಕಾರಿಗಾದರೆ ಸರಿ. ಓಮ್ನಿ ಬಂದದ್ದು 1984ರಲ್ಲಿ, ನಿಂತದ್ದು 2019ರಲ್ಲಿ. ಇಷ್ಟು ವರ್ಷ ಓಡಿದ ಗಾಡಿಯ ಶಾಕ್ ಹೊಸದೇ ಸಿಗುವಾಗ ಆ ಕೆಲಸ ಸುಮ್ನೆ. ಗ್ಯಾಸ್ ತುಂಬಿದ ಶಾಕ್ ಆಗಿದ್ದರಂತೂ ಮನೆಯಲ್ಲಿ ಕೊಯ್ಯಲೇಬೇಡಿ.

ಎಣ್ಣೆ ಯಾಕೆ ಹೊರಬಂತು? ಮುಖ್ಯ ಪ್ರಶ್ನೆ ಇದು. ಶಾಕ್‌ನ ಹೊಳೆಯುವ ರಾಡ್ ಮೇಲೆ ಕೆಸರು ಒಣಗಿ ಅಂಟಿಕೊಳ್ಳುತ್ತದೆ. ಪ್ರತಿ ಹೊಂಡಕ್ಕೂ ಅದೇ ರಾಡ್ ರಬ್ಬರ್ ಸೀಲ್ ಒಳಗೆ ಹೋಗಿ ಬರುತ್ತದೆ. ಮುರಕಲ್ಲಿನ ಮಣ್ಣು ಸೀಲನ್ನು ತಿನ್ನುತ್ತದೆ. ಮಂಜೇಶ್ವರ, ಕುಂಬಳೆಯಂತಹ ಕಡಲ ಬದಿಯಲ್ಲಿ ಉಪ್ಪುಗಾಳಿಗೆ ರಾಡ್ ಮೇಲೆ ತುಕ್ಕಿನ ಚುಕ್ಕಿ ಏಳುತ್ತದೆ. ಆಮೇಲೆ ಸೀಲ್ ಉಳಿಯುವುದಿಲ್ಲ. ಅದಕ್ಕೇ ರಾಡ್ ಮೇಲಿನ ಧೂಳಿನ ಕವರ್ ಹರಿದಿದೆಯಾ ಅಂತ ಮಳೆಗೆ ಮೊದಲು ಒಮ್ಮೆ, ಮಳೆ ಮುಗಿದ ಮೇಲೆ ಒಮ್ಮೆ ನೋಡಬೇಕು. ಆಟಿ ತಿಂಗಳಲ್ಲಿ ತೋಟದ ದಾರಿಯಲ್ಲಿ ಓಡಿದ ಗಾಡಿಗೆ ಅಡಿಯಿಂದಲೂ ಪೈಪ್ ನೀರು ಬಿಡಿ. ನೀರು ರಭಸದಿಂದ ನೇರ ಸೀಲ್‌ಗೆ ಹೊಡೆಯದಿರಲಿ. ಸೀಲ್ ಹತ್ತಿರ ತೆಳ್ಳಗೆ ಎಣ್ಣೆ ಪಸೆ, ಅದಕ್ಕೆ ಧೂಳು ಹತ್ತಿದ್ದರೆ ಹೆದರುವುದು ಬೇಡ. ಒರೆಸಿ, ವಾರ ಬಿಟ್ಟು ನೋಡಿ. ಮತ್ತೆ ಧಾರೆಯಾಗಿ ಇಳಿದಿದ್ದರೆ ಬದಲಿಸಬೇಕು.

ಬದಲಿಸುವುದಾದರೆ ಎರಡೂ ಬದಿಯದನ್ನು ಒಟ್ಟಿಗೆ. ಹಿಂದಿನದನ್ನು ಕೈ ಪಳಗಿದವರು ಮನೆಯಲ್ಲೇ ಮಾಡಬಹುದು. ಅಲ್ಲಿ ಸ್ಪ್ರಿಂಗ್ ಬೇರೆ, ಶಾಕ್ ಬೇರೆ. ಹಿಂದಿನ ದಿನವೇ ನಟ್‌ಗಳಿಗೆ ತುಕ್ಕು ಬಿಡಿಸುವ ಸ್ಪ್ರೇ ಹೊಡೆದಿಡಿ. ಚಕ್ರ ನೆಲದ ಮೇಲಿದ್ದರೂ ಶಾಕ್ ಬಿಚ್ಚಬಹುದು. ಜಾಗ ಸಾಲದೆ ಜಾಕ್ ಹಾಕಿದರೆ ಸ್ಟ್ಯಾಂಡ್ ಇಡಲೇಬೇಕು. ಅಂಗಳದಲ್ಲಿ ಸಿಗುವ ಮುರಕಲ್ಲನ್ನು ಆಸರೆಗೆ ಇಡುವ ಅಭ್ಯಾಸ ನಮ್ಮಲ್ಲಿದೆ, ಅಲ್ವಾ? ಭಾರ ಬಿದ್ದರೆ ಅದು ಹೇಳದೆ ಕೇಳದೆ ಒಡೆಯುತ್ತದೆ. ಅದರ ನಂಬಿಕೆಯಲ್ಲಿ ಗಾಡಿಯ ಅಡಿಗೆ ಹೋಗಬೇಡಿ.

ಹೊಸ ಶಾಕ್ ಅಂಗಡಿಯಲ್ಲಿ ಮಲಗಿದ್ದರೆ ಒಳಗೆ ಗಾಳಿ ಸೇರಿರುತ್ತದೆ. ನೆಟ್ಟಗೆ ಹಿಡಿದು ಕೆಲವು ಸಲ ಪೂರ್ತಿ ಎಳೆದು, ಪೂರ್ತಿ ಒತ್ತಿ. ನಡುವೆ ಖಾಲಿ ಜಗ್ಗಿದಂತಾಗುವುದು ನಿಂತ ಮೇಲೆ ಹಾಕಿ. ಶಾಕ್‌ನ ತುದಿಗಳಲ್ಲಿ ಕೂರುವ ರಬ್ಬರ್ ಬುಷ್‌ಗಳೂ ಹೊಸದಿರಲಿ. ಕಟ್-ಕಟ್ ಸದ್ದಿಗೆ ಎಷ್ಟೋ ಸಲ ಬುಷ್ಷೇ ಕಾರಣ. ನಟ್‌ಗಳನ್ನು ಕೊನೆಯಲ್ಲಿ ಬಿಗಿ ಮಾಡುವಾಗ ಗಾಡಿಯ ಭಾರ ಚಕ್ರದ ಮೇಲೇ ಇರಬೇಕು. ಎತ್ತಿದ ಗಾಡಿಯಲ್ಲಿ ಬಿಗಿದರೆ ಇಳಿಸಿದಾಗ ಬುಷ್ ತಿರುಚಿಕೊಂಡು ಬೇಗ ಹರಿಯುತ್ತದೆ.

ಮುಂದಿನ ಚಕ್ರದ ಶಾಕ್‌ಗೆ ಮನೆಯಲ್ಲಿ ಕೈ ಹಾಕಬೇಡಿ. ಅಲ್ಲಿ ಶಾಕ್ ಮೇಲೆಯೇ ಸ್ಪ್ರಿಂಗ್ ಒತ್ತಿ ಕೂರಿಸಿರುತ್ತಾರೆ. ಮೇಲಿನ ನಟ್ ಬಿಚ್ಚಿದರೆ ಸ್ಪ್ರಿಂಗ್ ಸಿಡಿದು ಜೀವಕ್ಕೇ ಅಪಾಯ. ಗ್ಯಾರೇಜಿಗೆ ಕೊಡಿ, ಆದ ಮೇಲೆ ವೀಲ್ ಅಲೈನ್‌ಮೆಂಟ್ ಮಾಡಿಸಿ. ಮಳೆಗಾಲದ ಮೊದಲು ಸರ್ವೀಸ್‌ಗೆ ಬಿಟ್ಟಾಗ ಅಡಿಗೆ ಡೀಸೆಲ್ ಸ್ಪ್ರೇ ಮಾಡಲು ಹೊರಟರೆ ಬೇಡ ಅನ್ನಿ. ತುಕ್ಕಿಗೆ ಅದು ಆದೀತು, ಬುಷ್‌ನ ರಬ್ಬರ್ ಮಾತ್ರ ಉಬ್ಬಿ ಮೆತ್ತಗಾಗುತ್ತದೆ.